ಹದಿನೇಳರ ವಿಂಗರ್ ಎಷ್ಟು ನಿಮಿಷ ಆಡಬೇಕು?

2025ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಸ್ಪೇನ್ ಫುಟ್‌ಬಾಲ್ ತಂಡ ವಿಶ್ವಕಪ್ ಅರ್ಹತಾ ಸುತ್ತಿನ ಎರಡು ಪಂದ್ಯ ಆಡಿತು. ಬಲ್ಗೇರಿಯ ವಿರುದ್ಧ 3–0, ಟರ್ಕಿ ವಿರುದ್ಧ 6–0. ಎರಡರಲ್ಲೂ ವಿರಾಮದ ಹೊತ್ತಿಗೇ ಸ್ಪೇನ್ ಮೂರು ಗೋಲು ಮುಂದಿತ್ತು. ಆದರೂ ಆಗಷ್ಟೇ 18 ತುಂಬಿದ್ದ ಬಲಬದಿಯ ವಿಂಗರ್ (ಮೈದಾನದ ಅಂಚಿನಲ್ಲಿ ಮುನ್ನುಗ್ಗಿ ದಾಳಿ ಮಾಡುವವನು) ಲಮೀನ್ ಯಮಾಲ್ ಒಂದರಲ್ಲಿ 79 ನಿಮಿಷ, ಇನ್ನೊಂದರಲ್ಲಿ 73 ನಿಮಿಷ ಮೈದಾನದಲ್ಲೇ ಇದ್ದರು. ಕ್ಲಬ್‌ಗೆ ಮರಳಿದ ಮೇಲೆ ಬಾರ್ಸಿಲೋನಾ ಕೋಚ್ ಹಾನ್ಸಿ ಫ್ಲಿಕ್ ಸಿಟ್ಟಾದರು. ಹುಡುಗ ನೋವಿಟ್ಟುಕೊಂಡೇ ಹೋಗಿದ್ದ, ನೋವಿನ ಔಷಧಿ ಕೊಟ್ಟು ಆಡಿಸಿದ್ದಾರೆ, ಎರಡು ಪಂದ್ಯಗಳ ನಡುವೆ ಅಭ್ಯಾಸವನ್ನೂ ಮಾಡಿಲ್ಲ ಎಂಬುದು ಅವರ ದೂರು. ಮುಂದಿನ ಲೀಗ್ ಪಂದ್ಯವೂ ಚಾಂಪಿಯನ್ಸ್ ಲೀಗ್‌ನ ನ್ಯೂಕ್ಯಾಸಲ್ ಪಂದ್ಯವೂ ಯಮಾಲ್ ಕೈತಪ್ಪಿದವು. ನವೆಂಬರ್‌ನಲ್ಲಿ ಜಗಳ ತಿರುಗುಮುರುಗಾಯಿತು. ಹೊಟ್ಟೆಯ ಕೆಳಗಿನ ಪ್ಯೂಬಿಕ್ ಮೂಳೆಯ (ಪ್ಯೂಬಿಸ್) ನೋವಿಗೆ ರೇಡಿಯೋಫ್ರೀಕ್ವೆನ್ಸಿ ಚಿಕಿತ್ಸೆ ಮಾಡಿಸಿದ್ದನ್ನು ತನಗೆ ಮೊದಲೇ ತಿಳಿಸಲಿಲ್ಲ ಎಂದು ಸ್ಪೇನ್ ಫೆಡರೇಷನ್ ದೂರಿತು, ಯಮಾಲ್ ಅವರನ್ನು ತಂಡದಿಂದ ಬಿಟ್ಟು ಕಳುಹಿಸಿತು.

ಯಾರದು ತಪ್ಪು ಎಂಬ ವಾದದಲ್ಲಿ ಎರಡೂ ಕಡೆಯವರು ದಣಿದರು. ಅದಕ್ಕಿಂತ ಗಮನಿಸಬೇಕಾದದ್ದು ವಿಂಗ್ ಎಂಬ ಜಾಗದ ವಿಚಿತ್ರ. ಹದಿಹರೆಯದವರಿಗೆ ಹಿರಿಯರ ತಂಡದ ಬಾಗಿಲು ಬೇಗ ತೆರೆಯುವುದು ಅಲ್ಲಿ. ಆಟ ಮಾಗಲು ವರ್ಷಗಟ್ಟಲೆ ಕಾಯಿಸುವುದೂ ಅಲ್ಲೇ. ಒಳಬಂದದ್ದಕ್ಕೂ ಮಾಗುವುದಕ್ಕೂ ನಡುವಿನ ನಾಲ್ಕೈದು ವರ್ಷ, ಮೂಳೆ ಇನ್ನೂ ಗಟ್ಟಿಯಾಗುತ್ತಿರುವ ದೇಹದಿಂದ ತಂಡದಲ್ಲೇ ಹೆಚ್ಚು ಸ್ಪ್ರಿಂಟ್ ಕೇಳುವುದೂ ಅದೇ ಜಾಗ. ಎಳೆಯ ವಿಂಗರ್‌ಗಳ ವೃತ್ತಿ ಹಳಿ ತಪ್ಪುವುದು ಬಹುತೇಕ ಈ ಮೂರು ಕೂಡುವಲ್ಲಿ. ಪ್ರತಿಭೆ ಕಡಿಮೆಯಾಗಿ ಹಾಳಾದವರು ಕಡಿಮೆ.

ಬಾಗಿಲು ಬೇಗ ತೆರೆಯುವುದೇಕೆ

ಹದಿನೇಳರ ಹುಡುಗನನ್ನು ಸೆಂಟರ್‌ಬ್ಯಾಕ್, ಅಂದರೆ ಗೋಲಿನ ಮುಂದೆ ನಡುವಿನಲ್ಲಿ ಕಾಯುವ ರಕ್ಷಕನ ಜಾಗದಲ್ಲಿ ನಿಲ್ಲಿಸಲು ಕೋಚ್‌ಗಳು ಹೆದರುತ್ತಾರೆ. ಅಲ್ಲಿ ಒಂದು ತಪ್ಪು ಪಾಸ್ ಎಂದರೆ ಒಂದು ಗೋಲು. ವಿಂಗರ್ ಚೆಂಡು ಕಳೆದುಕೊಳ್ಳುವುದು ಸ್ವಂತ ಗೋಲಿನಿಂದ ಅರವತ್ತು ಎಪ್ಪತ್ತು ಮೀಟರ್ ಆಚೆ, ಅದೂ ಮೈದಾನದ ಅಂಚಿನ ಗೆರೆಯಾದ ಟಚ್‌ಲೈನ್ ಪಕ್ಕದಲ್ಲಿ. ಹಿಂದೆ ಬದಿಯ ರಕ್ಷಕ ಫುಲ್‌ಬ್ಯಾಕ್ ಇರುತ್ತಾನೆ, ಒಳಗೆ ಒಬ್ಬ ಮಿಡ್‌ಫೀಲ್ಡರ್ ಇರುತ್ತಾನೆ. ತಪ್ಪಿನ ದಂಡ ಸಣ್ಣದು. ಜೊತೆಗೆ, ಸೆಂಟರ್‌ಬ್ಯಾಕ್‌ಗಳ ಜೊತೆ ಗುದ್ದಾಡುವ ಸ್ಟ್ರೈಕರ್‌ಗೆ ಬೇಕಾದಷ್ಟು ಮೈಕಟ್ಟು ವಿಂಗರ್‌ಗೆ ತಕ್ಷಣ ಬೇಕಿಲ್ಲ.

ನಿಯಮವೂ ನೆರವಾಗಿದೆ. 2020ರಲ್ಲಿ ತಾತ್ಕಾಲಿಕವಾಗಿ ಬಂದ ಐದು ಬದಲಿ ಆಟಗಾರರ ವ್ಯವಸ್ಥೆ 2022ರಲ್ಲಿ ಕಾಯಂ ಆಯಿತು. ಮೂರೇ ಬದಲಾವಣೆ ಇದ್ದಾಗ ಒಂದನ್ನು ಗಾಯಕ್ಕೆಂದು ಕೊನೆಯವರೆಗೂ ಕಾದಿಡುತ್ತಿದ್ದರು. ಈಗ 65ನೇ ನಿಮಿಷಕ್ಕೆ ಎರಡೂ ಬದಿಯ ವಿಂಗರ್‌ಗಳನ್ನು ಒಟ್ಟಿಗೆ ಬದಲಿಸಿದರೂ ಕೈಯಲ್ಲಿ ಇನ್ನೂ ಮೂರು ಉಳಿಯುತ್ತವೆ. ಯಮಾಲ್ ಬಾರ್ಸಿಲೋನಾ ಹಿರಿಯರ ತಂಡಕ್ಕೆ ಮೊದಲು ಆಡಿದ್ದು 2023ರ ಏಪ್ರಿಲ್ 29ರಂದು, 15 ವರ್ಷ 290 ದಿನದ ವಯಸ್ಸಿನಲ್ಲಿ. ಬೆಟಿಸ್ ವಿರುದ್ಧ ತಂಡ 4–0 ಮುಂದಿದ್ದಾಗ ಕೊನೆಯ ಕೆಲವೇ ನಿಮಿಷ. ಹುಡುಗನನ್ನು ಒಳಬಿಡುವ ಸರಿಯಾದ ಕ್ರಮ ಅದು: ಗೆದ್ದಾಗಿರುವ ಪಂದ್ಯ, ಸ್ವಂತ ಮೈದಾನ, ದಣಿದ ಎದುರಾಳಿ.

ಈ ದಣಿದ ಎದುರಾಳಿಯೇ ಲೆಕ್ಕ ತಪ್ಪಿಸುವುದೂ ಉಂಟು. 70ನೇ ನಿಮಿಷಕ್ಕೆ ಬರುವ ಹುಡುಗ ಎದುರಿಸುವುದು ಎಪ್ಪತ್ತು ನಿಮಿಷ ಓಡಿ ಬಸವಳಿದ ಫುಲ್‌ಬ್ಯಾಕ್‌ನನ್ನು. ಎದುರಾಳಿ ತಂಡ ಸೋಲುತ್ತಿದ್ದರೆ ಹಿಂದೆ ಬಯಲೇ ಬಿದ್ದಿರುತ್ತದೆ. ಇಂಥ ಇಪ್ಪತ್ತು ನಿಮಿಷಗಳನ್ನು ಹತ್ತು ಪಂದ್ಯದಿಂದ ಕೂಡಿಸಿ ‘ಪ್ರತಿ 90 ನಿಮಿಷಕ್ಕೆ ಇಷ್ಟು ಡ್ರಿಬಲ್ (ಚೆಂಡು ಕಾಲಲ್ಲಿಟ್ಟುಕೊಂಡೇ ಎದುರಾಳಿಯನ್ನು ದಾಟುವುದು), ಇಷ್ಟು ಅವಕಾಶ’ ಎಂದು ಹೇಳಿದರೆ ಅಂಕಿ ಚಂದ ಕಾಣುತ್ತದೆ, ಹುಡುಗನಿಗೆ ‘ಮುಂದಿನ ತಾರೆ’ ಎಂಬ ಹಣೆಪಟ್ಟಿ ಬೀಳುತ್ತದೆ. ಮೊದಲ ನಿಮಿಷದಿಂದ ಆಡಿದ ಪಂದ್ಯಗಳ ಅಂಕಿಯನ್ನು ಬೇರೆಯಾಗಿ ತೆಗೆದು ನೋಡದ ಹೊರತು ಯಾವ ತೀರ್ಮಾನಕ್ಕೂ ಬರಬಾರದು. ಅದರಲ್ಲೂ ಆತ ಆರಂಭದಿಂದ ಆಡಿದ ಪಂದ್ಯದ 60ರಿಂದ 75ನೇ ನಿಮಿಷದವರೆಗಿನ ಭಾಗ ನೋಡಬೇಕು. ಕಾಲು ಸೋತಾಗ ಚೆಂಡಿನ ಮೊದಲ ಸ್ಪರ್ಶ ಎಷ್ಟು ದೂರ ಹೋಗುತ್ತದೆ, ಚೆಂಡು ಕಳೆದುಕೊಂಡ ಮೇಲೆ ಹಿಂದಕ್ಕೆ ಓಡುತ್ತಾನೋ ನಡೆಯುತ್ತಾನೋ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಎರಡನೇ ಸೀಸನ್‌ನಲ್ಲಿ ಬೀಗ ಬೀಳುತ್ತದೆ

ಇಂದಿನ ಹೆಚ್ಚಿನ ವಿಂಗರ್‌ಗಳು ತಮ್ಮ ಬಲವಾದ ಕಾಲಿನ ವಿರುದ್ಧ ಬದಿಯಲ್ಲಿ ಆಡುತ್ತಾರೆ. ಯಮಾಲ್, ಆರ್ಸೆನಲ್‌ನ ಬುಕಾಯೊ ಸಾಕಾ ಎಡಗಾಲಿನವರು, ಆಡುವುದು ಬಲಬದಿಯಲ್ಲಿ. ಒಳಕ್ಕೆ ತಿರುಗಿದ ಕೂಡಲೇ ಗೋಲು ಎದುರಿಗೆ ಕಾಣುತ್ತದೆ, ಬಲವಾದ ಕಾಲು ಹೊಡೆಯಲು ಸಿದ್ಧವಿರುತ್ತದೆ. ಬೆಲೆ ಏನೆಂದರೆ, ಟಚ್‌ಲೈನ್ ಕಡೆ ನುಗ್ಗಿ ಹೋದಾಗ ಕ್ರಾಸ್ (ಬದಿಯಿಂದ ಗೋಲಿನ ಮುಂದಕ್ಕೆ ಕಳಿಸುವ ಚೆಂಡು) ಹಾಕಬೇಕಾದದ್ದು ದುರ್ಬಲ ಕಾಲಿನಲ್ಲಿ.

2024ರ ಜುಲೈ 9, ಮ್ಯೂನಿಕ್, ಯೂರೊ ಸೆಮಿಫೈನಲ್‌ನ 21ನೇ ನಿಮಿಷ. ಯಮಾಲ್‌ಗೆ ಆಗ 16 ವರ್ಷ 362 ದಿನ. ಪೆನಾಲ್ಟಿ ಬಾಕ್ಸ್‌ನ ಆಚೆ ಚೆಂಡು ಸಿಕ್ಕಾಗ ಎದುರಿಗಿದ್ದವರು ಫ್ರಾನ್ಸ್‌ನ ಮಿಡ್‌ಫೀಲ್ಡರ್ ಆಡ್ರಿಯನ್ ರಾಬಿಯೊ. ಯಮಾಲ್ ಭುಜ ಒಂದು ಕಡೆ ವಾಲಿಸಿ ಚೆಂಡನ್ನು ಇನ್ನೊಂದು ಕಡೆ, ಎಡಗಾಲಿಗೆ ಸರಿಸಿಕೊಂಡರು. ರಾಬಿಯೊ ಮುಂದೆ ಬಂದು ಜಾಗ ಮುಚ್ಚಲಿಲ್ಲ; ಅವರ ಪಕ್ಕಕ್ಕೆ ಎರಡನೆಯವರೂ ಬಂದಿರಲಿಲ್ಲ. ಆ ಒಂದು ಗಜದ ತೆರವೇ ಸಾಕಾಯಿತು. ಬಾಗಿ ಹೋದ ಚೆಂಡು ದೂರದ ಕಂಬದ ಒಳಮೈಗೆ ತಾಗಿ ಬಲೆ ಸೇರಿತು. ಯೂರೊ ಇತಿಹಾಸದಲ್ಲಿ ಅಷ್ಟು ಚಿಕ್ಕ ವಯಸ್ಸಿನಲ್ಲಿ ಗೋಲು ಹೊಡೆದವರು ಮತ್ತೊಬ್ಬರಿರಲಿಲ್ಲ. ಆ ಗೋಲನ್ನು ನೋಡಿದ ಎದುರಾಳಿ ಕೋಚ್‌ಗಳೆಲ್ಲ ಬರೆದುಕೊಂಡದ್ದು ಒಂದೇ ಸಾಲು: ಎಡಗಾಲಿಗೆ ಬಿಡಬೇಡಿ, ಒಬ್ಬರನ್ನೇ ನಿಲ್ಲಿಸಬೇಡಿ.

ಆ ಬೀಗ ಹೀಗಿರುತ್ತದೆ. ಚೆಂಡು ವಿಂಗರ್ ಕಡೆ ಹೊರಟಾಗಲೇ ಫುಲ್‌ಬ್ಯಾಕ್ ಹತ್ತಿರ ಸೇರಿ, ಅವನು ತಿರುಗುವ ಮೊದಲೇ ಬೆನ್ನಿಗೆ ಅಂಟುತ್ತಾನೆ. ತಿರುಗಿಬಿಟ್ಟಿದ್ದರೆ ಚೆಂಡಿಗೆ ಕಾಲು ಹಾಕದೆ ಪಕ್ಕಕ್ಕೆ ವಾಲಿ ನಿಂತು ಟಚ್‌ಲೈನ್‌ನತ್ತ ದಾರಿ ತೋರಿಸುತ್ತಾನೆ. ಒಳದಾರಿಗೆ ಒಬ್ಬ ಮಿಡ್‌ಫೀಲ್ಡರ್ ಬಂದು ನಿಲ್ಲುತ್ತಾನೆ. ಇಬ್ಬರ ನಡುವಿನ ಸಂದಿಯಲ್ಲಿ ನುಗ್ಗಿದರೂ ಹಿಂದೆ ಸೆಂಟರ್‌ಬ್ಯಾಕ್ ಕಾದಿರುತ್ತಾನೆ. ಮೊದಲ ಸೀಸನ್‌ನಲ್ಲಿ ಒಬ್ಬನನ್ನು ದಾಟಿದರೆ ಸಾಕಿದ್ದ ಹುಡುಗ ಈಗ ಇಬ್ಬರನ್ನು ದಾಟಬೇಕು. ಒಳ್ಳೆಯ ವಿಂಗರ್‌ಗಳ ಡ್ರಿಬ್ಲಿಂಗ್ ಪ್ರಯತ್ನಗಳಲ್ಲೂ ಸುಮಾರು ಅರ್ಧ ವಿಫಲವಾಗುತ್ತವೆ. ಇಬ್ಬರ ಎದುರು ಆ ಅನುಪಾತ ಇನ್ನೂ ಕುಸಿಯುತ್ತದೆ. ‘ಹುಡುಗ ಫಾರ್ಮ್ ಕಳೆದುಕೊಂಡ’ ಎಂಬ ಮಾತು ಕೇಳಿಬರುವುದು ಇಲ್ಲಿಂದಲೇ. ಬಹಳ ಸಲ ಕಳೆದುಹೋಗಿರುವುದು ಜಾಗ.

ಬೀಗ ತೆಗೆಯುವ ಕೀಲಿ ಹೆಚ್ಚಾಗಿ ಅವನ ಕೈಯಲ್ಲಿಲ್ಲ, ಬೆನ್ನ ಹಿಂದಿರುವ ಸ್ವಂತ ಫುಲ್‌ಬ್ಯಾಕ್ ಕೈಯಲ್ಲಿದೆ. ಬಾರ್ಸಿಲೋನಾದಲ್ಲಿ ಜೂಲ್ ಕುಂಡೆ, ಆರ್ಸೆನಲ್‌ನಲ್ಲಿ ಬೆನ್ ವೈಟ್ ಮಾಡಿದ ಕೆಲಸ ಇದು. ವಿಂಗರ್ ಚೆಂಡು ಹಿಡಿದ ಹೊತ್ತಿಗೆ ಹೊರಗಿನಿಂದ ಅಥವಾ ಒಳಗಿನಿಂದ ಅವನನ್ನು ದಾಟಿ ಓಡುವುದು. ಹತ್ತು ಓಟದಲ್ಲಿ ಒಂಬತ್ತಕ್ಕೆ ಚೆಂಡು ಬರದಿದ್ದರೂ ಎರಡನೇ ಕಾವಲಿನವನನ್ನು ಆ ಓಟ ಎಳೆದುಕೊಂಡು ಹೋಗುತ್ತದೆ. ಅದೇ ಫುಲ್‌ಬ್ಯಾಕ್‌ನನ್ನು ಕೋಚ್ ಮಿಡ್‌ಫೀಲ್ಡ್‌ಗೆ ಕರೆದರೆ ವಿಂಗರ್ ಅಂಚಿನಲ್ಲಿ ಒಂಟಿ. ಹಾಗಾಗಿ ಒಬ್ಬ ಎಳೆಯ ವಿಂಗರ್‌ನ ಅಂಕಿಗಳು ಇದ್ದಕ್ಕಿದ್ದಂತೆ ಬಿದ್ದರೆ ಮೊದಲು ನೋಡಬೇಕಾದದ್ದು ಅವನ ಹಿಂದೆ ಯಾರು ಆಡುತ್ತಿದ್ದಾರೆ ಎಂಬುದನ್ನು.

ಸಾಕಾ ಅವರಿಗೆ ಈ ಪಾಠ ಆಕಸ್ಮಿಕವಾಗಿ ಸಿಕ್ಕಿತು. 2019–20ರಲ್ಲಿ ಆರ್ಸೆನಲ್‌ನ ಎಡ ಫುಲ್‌ಬ್ಯಾಕ್‌ಗಳು ಗಾಯಗೊಂಡಾಗ 18ರ ಹುಡುಗನನ್ನು ಆ ಜಾಗಕ್ಕೆ ಹಾಕಿದರು. ಚೆಂಡಿಲ್ಲದಾಗ ಎಲ್ಲಿ ನಿಲ್ಲಬೇಕು, ಎದುರಾಳಿ ವಿಂಗರ್‌ಗೆ ಯಾವ ಕೋನದಿಂದ ಹತ್ತಿರವಾಗಬೇಕು ಎಂಬುದನ್ನು ಪಂದ್ಯದಲ್ಲೇ ಕಲಿಯಬೇಕಾಯಿತು. ಅಕಾಡೆಮಿಗಳಲ್ಲಿ ಡ್ರಿಬ್ಲಿಂಗ್ ಕಲಿಸುವ ಗಂಟೆಗಳಲ್ಲಿ ಒಂದಿಷ್ಟನ್ನು ಇದಕ್ಕೆ ಕೊಟ್ಟರೆ ತಪ್ಪಿಲ್ಲ. ಮೊದಲ ಹನ್ನೊಂದರಲ್ಲಿ ಹೆಸರು ಬರೆಯುವಾಗ ಕೋಚ್ ಕೇಳಿಕೊಳ್ಳುವ ಪ್ರಶ್ನೆ, ಚೆಂಡು ಹೋದ ಮೇಲಿನ ಐದು ಸೆಕೆಂಡ್ ಇವನು ಏನು ಮಾಡುತ್ತಾನೆ ಎಂಬುದು. ಪ್ರೆಸ್ ಮಾಡುವಾಗ, ಅಂದರೆ ಚೆಂಡು ಹಿಡಿದ ಎದುರಾಳಿಯ ಮೇಲೆರಗುವಾಗ, ಸೆಂಟರ್‌ಬ್ಯಾಕ್ ಕಡೆ ನೇರ ಓಡಿದರೆ ಚೆಂಡು ಸುಲಭವಾಗಿ ಫುಲ್‌ಬ್ಯಾಕ್‌ಗೆ ಹೋಗುತ್ತದೆ. ಹೊರಗಿನಿಂದ ಬಿಲ್ಲಿನಂತೆ ಬಾಗಿ ಓಡಿದರೆ ಆ ಪಾಸ್‌ನ ದಾರಿ ಓಡುವವನ ಬೆನ್ನಿಗೆ ಮುಚ್ಚಿಹೋಗುತ್ತದೆ.

ಕೊನೆಯ ಪಾಸ್ ತಡವಾಗಿ ಬರುತ್ತದೆ

ಕ್ರಿಸ್ಟಿಯಾನೊ ರೊನಾಲ್ಡೊ 18ರ ವಯಸ್ಸಿನಲ್ಲಿ, 2003ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದಾಗ ವಿಂಗರ್. ಪ್ರೀಮಿಯರ್ ಲೀಗ್‌ನಲ್ಲಿ ಅವರ ಗೋಲುಗಳು ಸೀಸನ್‌ವಾರು 4, 5, 9, 17, 31. ವಿನಿಸಿಯಸ್ ಜೂನಿಯರ್ ರಿಯಲ್ ಮ್ಯಾಡ್ರಿಡ್ ಪರ ಸ್ಪೇನ್ ಲೀಗ್‌ನಲ್ಲಿ 2019–20ರಲ್ಲಿ 3, 2020–21ರಲ್ಲಿ 3, ಅದರ ಮರುವರ್ಷ 17. ಆ 17ರ ಸೀಸನ್ ಮುಗಿದದ್ದು ಪ್ಯಾರಿಸ್‌ನಲ್ಲಿ, ಲಿವರ್‌ಪೂಲ್ ವಿರುದ್ಧದ ಚಾಂಪಿಯನ್ಸ್ ಲೀಗ್ ಫೈನಲ್‌ನ ಏಕೈಕ ಗೋಲನ್ನು ಅವರೇ ಹೊಡೆಯುವುದರೊಂದಿಗೆ. ಹಿಂದಿನ ಎರಡು ವರ್ಷ ಅವರ ಗುರಿ ತಪ್ಪಿದ ಹೊಡೆತಗಳನ್ನು ಜೋಡಿಸಿ ನಗುವ ವಿಡಿಯೊಗಳಿಗೆ ಲೆಕ್ಕವಿರಲಿಲ್ಲ.

ಮೂರು ವರ್ಷ ಬೇಕಾಗುವುದಕ್ಕೆ ಕಾರಣವಿದೆ. ಡ್ರಿಬ್ಲಿಂಗ್ ಹತ್ತು ಹನ್ನೆರಡನೇ ವಯಸ್ಸಿಗೇ ಕಾಲಿಗೆ ಹತ್ತಿರುತ್ತದೆ. ಕೊನೆಯ ಪಾಸ್‌ಗೆ ಬೇಕಾದದ್ದು ಪೂರ್ತಿ ವೇಗದಲ್ಲಿ ಓಡುತ್ತಾ ತಲೆ ಎತ್ತಿ ನೋಡುವ ರೂಢಿ. ಎಳೆಯ ವಿಂಗರ್ ಫುಲ್‌ಬ್ಯಾಕ್‌ನನ್ನು ದಾಟಿದ ಮೇಲೆ ಮೊದಲ ಸಲ ತಲೆ ಎತ್ತುತ್ತಾನೆ. ಅಷ್ಟರಲ್ಲಿ ಸೆಂಟರ್‌ಬ್ಯಾಕ್ ಹತ್ತಿರದ ಕಂಬಕ್ಕೆ ಸರಿದಿರುತ್ತಾನೆ, ಕ್ರಾಸ್ ಅವನ ಮೊಣಕಾಲಿಗೆ ತಾಗಿ ಕಾರ್ನರ್ ಆಗುತ್ತದೆ. ಅನುಭವಿ ನೋಡುವುದು ಚೆಂಡು ತನಗೆ ಬರುವ ಮೊದಲೊಮ್ಮೆ, ದಾಟಲು ಹೊರಡುವ ಮೊದಲು ಇನ್ನೊಮ್ಮೆ. ದಾಟಿದ ಮೇಲೆ ನೋಡುವ ಅಗತ್ಯ ಅವನಿಗಿಲ್ಲ, ಯಾರು ಎಲ್ಲಿಗೆ ಓಡುತ್ತಾರೆ ಎಂಬುದು ಮೊದಲೇ ಗೊತ್ತು.

ಇದನ್ನು ಅಭ್ಯಾಸದಲ್ಲಿ ಕಲಿಸುವ ರೀತಿ ಸರಳ, ಬೇಸರ ಬರಿಸುವಂಥದ್ದು. ಬಾಕ್ಸ್‌ನ ಅಂಚಿನಿಂದ ಗೋಲ್‌ಲೈನ್‌ವರೆಗೆ ಪೂರ್ತಿ ವೇಗದ ಓಟ, ಒಳಗೆ ಮೂವರು ಓಡಿ ಬರುವವರು: ಒಬ್ಬ ಹತ್ತಿರದ ಕಂಬಕ್ಕೆ, ಒಬ್ಬ ದೂರದ ಕಂಬಕ್ಕೆ, ಒಬ್ಬ ತಡೆದು ಪೆನಾಲ್ಟಿ ಬಿಂದುವಿನ ಹತ್ತಿರ. ರಕ್ಷಕರು ಇಬ್ಬರೇ, ಅಂದರೆ ಯಾವಾಗಲೂ ಒಬ್ಬ ಬಿಡುವಾಗಿರುತ್ತಾನೆ. ಯಾರು ಎಂಬುದು ಪ್ರತಿ ಸಲ ಬದಲಾಗಬೇಕು. ರಕ್ಷಕರು ಗೋಲಿನತ್ತ ಓಡುತ್ತಿದ್ದರೆ ಹಿಂದಕ್ಕೆ, ಪೆನಾಲ್ಟಿ ಬಿಂದುವಿಗೆ ಕೊಡುವ ಕಟ್‌ಬ್ಯಾಕ್ ಬಹುಪಾಲು ಸರಿಯಾದ ಉತ್ತರ. ಓಡುವ ರಕ್ಷಕ ಅಷ್ಟು ಬೇಗ ನಿಂತು ತಿರುಗಲಾರ. ಈ ಅಭ್ಯಾಸ ಅರ್ಧ ವೇಗದಲ್ಲಿ ಮಾಡಿದರೆ ಪ್ರಯೋಜನವಿಲ್ಲ. ಸಮಸ್ಯೆ ಇರುವುದೇ ವೇಗದಲ್ಲಿ. ಪೂರ್ತಿ ವೇಗದಲ್ಲಿ ಮಾಡಿದರೆ ಅದು ತೊಡೆಯ ಲೆಕ್ಕಕ್ಕೆ ಸೇರುತ್ತದೆ, ವಾರಕ್ಕೆ ಎಷ್ಟು ಸಲ ಎಂದು ಫಿಟ್‌ನೆಸ್ ವಿಭಾಗವನ್ನು ಕೇಳಿಯೇ ಮಾಡಬೇಕಾಗುತ್ತದೆ.

ತೊಡೆ, ಮಂಡಿ, ಪ್ಯೂಬಿಸ್

ಒಟ್ಟು ಓಡುವ ದೂರದಲ್ಲಿ ಮಿಡ್‌ಫೀಲ್ಡರ್‌ಗಳು ಮುಂದೆ. ಸ್ಪ್ರಿಂಟ್‌ನಲ್ಲಿ, ಅಂದರೆ ಗಂಟೆಗೆ ಸುಮಾರು 25 ಕಿ.ಮೀ. ಮೀರಿದ ಓಟದಲ್ಲಿ, ವಿಂಗರ್‌ಗಳದೂ ಫುಲ್‌ಬ್ಯಾಕ್‌ಗಳದೂ ಮೇಲುಗೈ. ಹ್ಯಾಮ್‌ಸ್ಟ್ರಿಂಗ್ ಎಂದು ಕರೆಯುವ ತೊಡೆಯ ಹಿಂಭಾಗದ ಸ್ನಾಯು ಹರಿಯುವುದು ಹೆಚ್ಚಾಗಿ ಈ ವೇಗದಲ್ಲೇ. ಮುಂದೆ ಚಾಚಿದ ಪಾದ ನೆಲ ಮುಟ್ಟುವ ಸ್ವಲ್ಪ ಮೊದಲು ಆ ಸ್ನಾಯು ಉದ್ದಕ್ಕೆ ಎಳೆಯಲ್ಪಡುತ್ತಲೇ ಮುಂಗಾಲಿಗೆ ಬ್ರೇಕ್ ಹಾಕಬೇಕು. ದಣಿದ ಸ್ನಾಯು ಆ ಬ್ರೇಕ್ ಹಾಕುವಲ್ಲಿ ಸೋಲುತ್ತದೆ. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ದೊಡ್ಡ ಕ್ಲಬ್‌ಗಳಲ್ಲಿ ನಡೆಸುವ ಗಾಯಗಳ ಅಧ್ಯಯನದ ಪ್ರಕಾರ 2001–02ರಲ್ಲಿ ಒಟ್ಟು ಗಾಯಗಳಲ್ಲಿ 12% ಇದ್ದ ಹ್ಯಾಮ್‌ಸ್ಟ್ರಿಂಗ್ ಪಾಲು 2021–22ಕ್ಕೆ 24% ಆಗಿದೆ. ಆಟ ವೇಗವಾಗಿದೆ, ಪಂದ್ಯ ಹೆಚ್ಚಾಗಿವೆ.

ಪಂದ್ಯ ಎಷ್ಟು ಹೆಚ್ಚಾಗಿವೆ ಎಂಬುದಕ್ಕೆ ಆಟಗಾರರ ಸಂಘಟನೆ ಫಿಫ್‌ಪ್ರೊ ಕೊಟ್ಟ ಒಂದು ಹೋಲಿಕೆ ಸಾಕು: 21 ತುಂಬುವ ಮೊದಲು ಡೇವಿಡ್ ಬೆಕಮ್ ಆಡಿದ್ದು 3,929 ನಿಮಿಷ, ಜೂಡ್ ಬೆಲ್ಲಿಂಗಮ್ ಆಡಿದ್ದು 18,486 ನಿಮಿಷ. ಯಮಾಲ್ ಬಾರ್ಸಿಲೋನಾ ಪರ ನೂರನೇ ಪಂದ್ಯ ಆಡಿದಾಗ ವಯಸ್ಸು 17 ವರ್ಷ 291 ದಿನ. ಚಾಂಪಿಯನ್ಸ್ ಲೀಗ್‌ನ ಮೊದಲ ಹಂತ 2024–25ರಿಂದ ಆರರ ಬದಲು ಎಂಟು ಪಂದ್ಯ. 2025ರ ಬೇಸಿಗೆಗೆ 32 ತಂಡಗಳ ಕ್ಲಬ್ ವಿಶ್ವಕಪ್ ಸೇರಿತು. 2024ರ ಯೂರೊ ವೇಳೆ ಜರ್ಮನಿಯ ಕಾರ್ಮಿಕ ಕಾನೂನಿನಂತೆ 18ರೊಳಗಿನ ಕ್ರೀಡಾಪಟು ರಾತ್ರಿ 11ರ ನಂತರ ಕೆಲಸ ಮಾಡುವಂತಿಲ್ಲ ಎಂಬುದು ದೊಡ್ಡ ಸುದ್ದಿಯಾಗಿತ್ತು. ಗಡಿಯಾರ ನೋಡುವ ಕಾನೂನಿದೆ, ವರ್ಷಕ್ಕೆ ಎಷ್ಟು ಪಂದ್ಯ ಎಂದು ಕೇಳುವ ಕಾನೂನು ಫುಟ್‌ಬಾಲ್‌ನಲ್ಲಿ ಇಲ್ಲ.

ಆದರೆ ‘ಅತಿಯಾಗಿ ಆಡಿಸಬೇಡಿ’ ಎಂದಷ್ಟೇ ಹೇಳಿ ಮುಗಿಸುವುದು ಅರ್ಧ ಸತ್ಯ. ಗಾಯಕ್ಕೆ ಇನ್ನೊಂದು ದಾರಿ ಕಡಿಮೆ ಆಡುವುದರಿಂದ ತೆರೆಯುತ್ತದೆ. ಆರು ವಾರ ಬೆಂಚಿನಲ್ಲಿ ಕೂತು ಪಂದ್ಯಕ್ಕೆ ಹದಿನೈದು ನಿಮಿಷ ಆಡಿದ ಹುಡುಗನ ತೊಡೆ ಪೂರ್ತಿ ಸ್ಪ್ರಿಂಟ್ ಮರೆತಿರುತ್ತದೆ. ಹಿರಿಯ ವಿಂಗರ್ ಗಾಯಗೊಂಡ ವಾರ ಅವನನ್ನು ಒಮ್ಮೆಲೇ ಎರಡು ಪೂರ್ಣ ಪಂದ್ಯಕ್ಕೆ ಇಳಿಸುತ್ತಾರೆ. ಹರಿಯುವುದು ಆಗ. ಉಸ್ಮಾನ್ ಡೆಂಬೆಲೆ 2017ರಲ್ಲಿ 20ರ ವಯಸ್ಸಿಗೆ 10.5 ಕೋಟಿ ಯೂರೊ ಮೂಲಬೆಲೆಗೆ ಬಾರ್ಸಿಲೋನಾ ಸೇರಿದರು. ವರ್ಗಾವಣೆಗಾಗಿ ಅಭ್ಯಾಸಕ್ಕೆ ಹೋಗದೆ ಆಗಸ್ಟ್‌ನಲ್ಲಿ ಡಾರ್ಟ್‌ಮಂಡ್‌ನಿಂದ ಅಮಾನತಾಗಿದ್ದರು. ಸೆಪ್ಟೆಂಬರ್ 12ರಂದು ಯುವೆಂಟಸ್ ವಿರುದ್ಧ ಆರಂಭದಿಂದ ಆಡಿದರು, 16ರಂದು ಗೆಟಾಫೆ ವಿರುದ್ಧ ಮತ್ತೆ. ಆ ಪಂದ್ಯದಲ್ಲಿ ಎಡತೊಡೆಯ ಸ್ನಾಯುರಜ್ಜು ಹರಿದು ಶಸ್ತ್ರಚಿಕಿತ್ಸೆಯಾಯಿತು. ಅದೊಂದೇ ಕಾರಣ ಎನ್ನಲಾಗದು, ಆದರೆ ಬಿಡುವಿನಿಂದ ನೇರ ಗರಿಷ್ಠ ಹೊರೆಗೆ ಜಿಗಿಯುವುದು ಎಂದರೆ ಇದೇ. ಡೆಂಬೆಲೆ ವರ್ಷದ ಶ್ರೇಷ್ಠ ಆಟಗಾರನ ಪ್ರಶಸ್ತಿ ಬ್ಯಾಲನ್ ಡಿ’ಓರ್ ಗೆದ್ದದ್ದು 2025ರಲ್ಲಿ, 28ರ ವಯಸ್ಸಿನಲ್ಲಿ, ಅದೂ ಪಿಎಸ್‌ಜಿ ಕೋಚ್ ಲೂಯಿಸ್ ಎನ್ರಿಕೆ ಅವರನ್ನು ಬದಿಯಿಂದ ಮಧ್ಯಕ್ಕೆ ತಂದ ಮೇಲೆ.

ಅನ್ಸು ಫಾಟಿ ಅವರದು ಬೇರೆ ಬಗೆ. 16ರಲ್ಲಿ ಬಾರ್ಸಿಲೋನಾ ತಂಡಕ್ಕೆ, 17 ವರ್ಷ 40 ದಿನಕ್ಕೆ ಇಂಟರ್ ಮಿಲಾನ್ ವಿರುದ್ಧ ಚಾಂಪಿಯನ್ಸ್ ಲೀಗ್ ಗೋಲು. 2020ರ ನವೆಂಬರ್‌ನಲ್ಲಿ ಬೆಟಿಸ್ ವಿರುದ್ಧ ಎಡ ಮಂಡಿಯೊಳಗಿನ ಮೆತ್ತೆಯಂಥ ಮೆನಿಸ್ಕಸ್ ಹರಿಯಿತು. ಒಂದಕ್ಕಿಂತ ಹೆಚ್ಚು ಶಸ್ತ್ರಚಿಕಿತ್ಸೆ, ಸುಮಾರು ಹತ್ತು ತಿಂಗಳು ಹೊರಗೆ. ಮರಳಿದಾಗ ಬೆನ್ನ ಮೇಲೆ ಮೆಸ್ಸಿ ಬಿಟ್ಟುಹೋದ 10ನೇ ನಂಬರ್. ಕೆಲವೇ ವಾರಗಳಲ್ಲಿ ಹ್ಯಾಮ್‌ಸ್ಟ್ರಿಂಗ್, 2022ರ ಜನವರಿಯಲ್ಲಿ ಮತ್ತೆ ಹ್ಯಾಮ್‌ಸ್ಟ್ರಿಂಗ್. ಮಂಡಿಯ ಗಾಯ ಅಪಘಾತ. ಅದರ ಹಿಂದೆ ಬಂದ ತೊಡೆಯ ಗಾಯಗಳು, ತಿಂಗಳುಗಟ್ಟಲೆ ಸ್ಪ್ರಿಂಟ್ ಮಾಡದ ಕಾಲು ಪಂದ್ಯದ ವೇಗಕ್ಕೆ ಮರಳುವಾಗ ಎಷ್ಟು ಅಪಾಯ ಇದೆ ಎಂಬುದನ್ನು ತೋರಿಸುತ್ತವೆ.

ತಡೆಯಲು ಏನು ಮಾಡಬಹುದು ಎಂಬುದು ಗೊತ್ತಿಲ್ಲದ ಸಂಗತಿಯೇನಲ್ಲ. ಹ್ಯಾಮ್‌ಸ್ಟ್ರಿಂಗ್ ಬಲಪಡಿಸುವ ನಾರ್ಡಿಕ್ ವ್ಯಾಯಾಮಕ್ಕೆ ಯಾವ ಯಂತ್ರವೂ ಬೇಡ. ಮೆತ್ತನೆಯ ಹಾಸಿನ ಮೇಲೆ ಮೊಣಕಾಲೂರಿ ಕೂರಬೇಕು, ಹಿಮ್ಮಡಿಗಳನ್ನು ಇನ್ನೊಬ್ಬರು ಒತ್ತಿ ಹಿಡಿಯಬೇಕು. ಸೊಂಟ ಮಡಚದೆ, ಮೊಣಕಾಲಿನಿಂದ ತಲೆವರೆಗೆ ಒಂದೇ ಗೆರೆಯಲ್ಲಿ, ಎಷ್ಟು ನಿಧಾನ ಸಾಧ್ಯವೋ ಅಷ್ಟು ನಿಧಾನ ಮುಂದಕ್ಕೆ ಬೀಳಬೇಕು, ಕೊನೆಗೆ ಕೈ ಕೊಡಬೇಕು. ಮೊದಲ ವಾರ ಒಂದೇ ದಿನ, 5ರಂತೆ 2 ಸೆಟ್. ಎರಡನೇ ವಾರ ಎರಡು ದಿನ, 6ರಂತೆ 2 ಸೆಟ್. ಮೂರನೇ ವಾರದಿಂದ ಮೂರು ದಿನ, 3 ಸೆಟ್. ಐದನೇ ವಾರದ ಹೊತ್ತಿಗೆ ಆ ಮೂರು ಸೆಟ್‌ಗಳಲ್ಲಿ 12, 10, 8 ಸಲ. ಇದನ್ನು ಬಿಡದೆ ಮಾಡಿದ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯ ಸುಮಾರು ಅರ್ಧಕ್ಕೆ ಇಳಿದಿದೆ. ಆದರೂ ಬಿಟ್ಟುಹೋಗುವುದೇಕೆಂದರೆ, ಮೊದಲ ವಾರಗಳಲ್ಲಿ ತೊಡೆ ವಿಪರೀತ ನೋಯುತ್ತದೆ. ಸೀಸನ್ ನಡುವೆ ಶುರು ಮಾಡಿದರೆ ಹುಡುಗ ಮುಂದಿನ ಪಂದ್ಯಕ್ಕೆ ಕಾಲು ಎಳೆಯುತ್ತಾ ಬರುತ್ತಾನೆ, ಕೋಚ್ ನಿಲ್ಲಿಸಿಬಿಡುತ್ತಾರೆ. ಸೀಸನ್‌ಗೆ ಮುಂಚಿನ ಶಿಬಿರದಲ್ಲೇ ಶುರುವಾಗಬೇಕು.

ಎರಡನೆಯದು ಸ್ಪ್ರಿಂಟ್‌ನ ಲೆಕ್ಕ. ಬೆನ್ನಿಗೆ ಕಟ್ಟುವ ಜಿಪಿಎಸ್ ಸಾಧನ ಸೆಕೆಂಡಿಗೆ ಹತ್ತು ಸಲ ಜಾಗ ಗುರುತಿಸುತ್ತದೆ. ವಾರಕ್ಕೆ ಒಂದೆರಡು ಸಲವಾದರೂ ಆಟಗಾರ ತನ್ನ ಗರಿಷ್ಠ ವೇಗದ 95% ಮುಟ್ಟಬೇಕು; ಪಂದ್ಯದಲ್ಲಿ ಮುಟ್ಟಿದ್ದರೆ ಸರಿ, ಬೆಂಚಿನಲ್ಲಿ ಕೂತವನು ಪಂದ್ಯ ಮುಗಿದ ಮೇಲೆ ಅಥವಾ ಮರುದಿನ ಪ್ರತ್ಯೇಕವಾಗಿ ಓಡಬೇಕು. ಪಂದ್ಯ ಮುಗಿದ ಖಾಲಿ ಕ್ರೀಡಾಂಗಣದಲ್ಲಿ ಬದಲಿ ಆಟಗಾರರು ಓಡುತ್ತಿರುವುದು ಕಂಡರೆ ಅದು ಇದಕ್ಕಾಗಿ.

ಪ್ಯೂಬಿಸ್‌ನ ನೋವು ಇವೆಲ್ಲಕ್ಕಿಂತ ಮೋಸದ್ದು. ಒಳತೊಡೆಯ ಸ್ನಾಯುಗಳು ಮತ್ತು ಕೆಳಹೊಟ್ಟೆಯ ಸ್ನಾಯುಗಳು ಅಂಟಿಕೊಂಡಿರುವ ಜಾಗ ಅದು. ಓಡುತ್ತಾ ನಿಲ್ಲುವುದು, ಒಳಕ್ಕೆ ತಿರುಗುವುದು, ದೇಹ ತಿರುಚಿ ಹೊಡೆಯುವುದು, ಅಂದರೆ ವಿಂಗರ್‌ನ ದಿನದ ಕೆಲಸವೆಲ್ಲ ಅಲ್ಲಿಗೇ ಎಳೆತ. ಮೈ ಬಿಸಿಯಾದಾಗ ನೋವು ಮಾಯ, ಪಂದ್ಯದ ಮರುದಿನ ಬೆಳಗ್ಗೆ ಹಾಜರು. ಸ್ನಾಯು ಹರಿದವನು ಕುಂಟುತ್ತಾ ಹೊರಬರುತ್ತಾನೆ, ಎಲ್ಲರಿಗೂ ಕಾಣುತ್ತದೆ. ಈ ನೋವಿನವನು ಎಪ್ಪತ್ತು ನಿಮಿಷ ಚೆನ್ನಾಗಿಯೇ ಆಡುತ್ತಾನೆ, ನೋವಿನ ಮಾತ್ರೆ ನುಂಗಿದರೆ ಇನ್ನೂ ಚೆನ್ನಾಗಿ. ಒಳತೊಡೆಗಳ ನಡುವೆ ಒತ್ತಡ ಅಳೆಯುವ ಸಾಧನ ಇಟ್ಟು ವಾರಕ್ಕೊಮ್ಮೆ ಹಿಂಡಿಸಿ ನೋಡುವ ಪರೀಕ್ಷೆ ಅನೇಕ ಕ್ಲಬ್‌ಗಳಲ್ಲಿದೆ; ಅಂಕಿ ಅವನದೇ ಹಿಂದಿನ ಮಟ್ಟಕ್ಕಿಂತ ಇಳಿದರೆ, ಅವನು ‘ಏನೂ ಇಲ್ಲ’ ಎಂದರೂ ಹೊರೆ ಇಳಿಸಬೇಕು. ಹದಿಹರೆಯದವನು ‘ಏನೂ ಇಲ್ಲ’ ಎಂದೇ ಹೇಳುತ್ತಾನೆ. ಜಾಗ ಬಿಟ್ಟರೆ ಇನ್ನೊಬ್ಬ ಬರುತ್ತಾನೆ ಎಂಬುದು ಅವನಿಗೆ ಗೊತ್ತು, ಜೊತೆಗೆ ಆಡಿದ ಪಂದ್ಯಕ್ಕಿಷ್ಟು ಎಂದು ಒಪ್ಪಂದದಲ್ಲಿ ಬೋನಸ್ ಇದ್ದರೆ ಕೇಳುವುದೇ ಬೇಡ. ಹದಿನೆಂಟರ ದೇಹದಲ್ಲಿ ಹ್ಯಾಮ್‌ಸ್ಟ್ರಿಂಗ್ ಅಂಟಿರುವ ಪೃಷ್ಠದ ಮೂಳೆಯ ಬೆಳವಣಿಗೆಯ ಅಂಚು ಇನ್ನೂ ಪೂರ್ತಿ ಕೂಡಿರದೆ ಇರಬಹುದು, ಕೆಲವರಲ್ಲಿ ಇಪ್ಪತ್ತು ದಾಟಿದ ಮೇಲೂ. ಹಿರಿಯರ ವೇಳಾಪಟ್ಟಿಯನ್ನು ಹಾಗೇ ಅವನಿಗೆ ಹಚ್ಚುವುದು ಸಲ್ಲದು ಎನ್ನಲು ಇದೂ ಒಂದು ಕಾರಣ.

ಒಪ್ಪಂದ, ಎರವಲು

ಫಿಫಾ ನಿಯಮದಂತೆ 18ರೊಳಗಿನ ಆಟಗಾರನ ಒಪ್ಪಂದ ಮೂರು ವರ್ಷ ಮೀರುವಂತಿಲ್ಲ. ಅದಕ್ಕೇ ಯಮಾಲ್ 2023ರಲ್ಲಿ ಸಹಿ ಹಾಕಿದ್ದು 2026ರವರೆಗೆ, ಬಿಡುಗಡೆ ಮೊತ್ತ (ಒಪ್ಪಂದ ಮುರಿದು ಹೋಗಲು ಕಟ್ಟಬೇಕಾದದ್ದು) ಮಾತ್ರ 100 ಕೋಟಿ ಯೂರೊ. 2031ರವರೆಗಿನ ಒಪ್ಪಂದ 18ರ ಹೊಸ್ತಿಲಲ್ಲಿ ಬಂತು. ಕ್ಲಬ್‌ಗಳ ಲೆಕ್ಕಪತ್ರವೂ ಹುಡುಗನ ದಾರಿ ತಿರುಗಿಸುತ್ತದೆ. 5 ಕೋಟಿಗೆ ಕೊಂಡ ಆಟಗಾರನ ಬೆಲೆಯನ್ನು ಐದು ವರ್ಷದ ಒಪ್ಪಂದದಲ್ಲಿ ವರ್ಷಕ್ಕೆ 1 ಕೋಟಿಯಂತೆ ಕಳೆಯುತ್ತಾರೆ. ಅಕಾಡೆಮಿಯಲ್ಲಿ ಬೆಳೆದವನ ಪುಸ್ತಕಬೆಲೆ ಸೊನ್ನೆ, ಮಾರಿದ್ದೆಲ್ಲ ಲಾಭ. ಕ್ಲಬ್‌ಗಳ ನಷ್ಟಕ್ಕೆ ಮಿತಿ ಹಾಕುವ ಹಣಕಾಸು ನಿಯಮದ ಗಡುವು ಹತ್ತಿರವಾದಾಗ ಮೊದಲು ಮಾರಾಟಕ್ಕೆ ನಿಲ್ಲುವವನು ಮನೆಯ ಹುಡುಗನೇ.

ಎರವಲಿನ ಅಂದರೆ ಲೋನ್‌ನ ವಿಷಯದಲ್ಲಿ ಸರ್ಜ್ ನಾಬ್ರಿ ಅವರ ಉದಾಹರಣೆ ಪ್ರತಿ ಏಜೆಂಟ್ ಗೋಡೆಗೆ ಅಂಟಿಸಿಕೊಳ್ಳಬೇಕಾದದ್ದು. 2015ರಲ್ಲಿ 20ರ ನಾಬ್ರಿಯನ್ನು ಆರ್ಸೆನಲ್ ಸೀಸನ್‌ಗೆಂದು ವೆಸ್ಟ್ ಬ್ರಾಮ್‌ಗೆ ಕೊಟ್ಟಿತು. ಲೀಗ್‌ನಲ್ಲಿ ಒಂದೇ ಪಂದ್ಯ, ಅದೂ ಬದಲಿಯಾಗಿ. ಆ ಮಟ್ಟಕ್ಕೆ ಇನ್ನೂ ಸಿದ್ಧನಿಲ್ಲ ಎಂಬುದು ಕೋಚ್ ಟೋನಿ ಪ್ಯುಲಿಸ್ ಅವರ ಮಾತು. ನಾಲ್ಕು ವರ್ಷದ ಮೇಲೆ ಬಯರ್ನ್ ಮ್ಯೂನಿಕ್ ಪರ ಟಾಟನಮ್ ವಿರುದ್ಧ 7–2ರ ಪಂದ್ಯದಲ್ಲಿ ನಾಬ್ರಿ ನಾಲ್ಕು ಗೋಲು ಹೊಡೆದರು. ವೆಸ್ಟ್ ಬ್ರಾಮ್‌ನಂಥ, ಹಿಂದೆ ಸರಿದು ಕಾಯುವ, ಉದ್ದ ಚೆಂಡು ಆಡುವ ತಂಡದಲ್ಲಿ ಚೆಂಡು ಕಾಲಿಗೆ ಬೇಡುವ ವಿಂಗರ್‌ಗೆ ಕೆಲಸವೇ ಇರಲಿಲ್ಲ. ಹಾಗಾಗಿ ಲೋನ್‌ಗೆ ಮುನ್ನ ಕೇಳಬೇಕಾದದ್ದು ಆ ತಂಡ ಐವರ ರಕ್ಷಣೆ ಆಡುತ್ತದೆಯೇ (ಆಡಿದರೆ ವಿಂಗರ್‌ನ ಜಾಗವೇ ಇಲ್ಲದಿರಬಹುದು), ಫುಲ್‌ಬ್ಯಾಕ್ ಮುಂದೆ ಓಡುತ್ತಾನೆಯೇ, ಕೋಚ್ ಜನವರಿವರೆಗೆ ಉಳಿಯುತ್ತಾರೆಯೇ, ಉಳಿಯದಿದ್ದರೆ ವಾಪಸ್ ಕರೆಸಿಕೊಳ್ಳುವ ಷರತ್ತು ಇದೆಯೇ ಎಂದು. ಆಡಿಸಿದಷ್ಟೂ ಲೋನ್ ಶುಲ್ಕ ಇಳಿಯುವ ಷರತ್ತು ಹಾಕಿದರೆ ಆಡಿಸುವ ಮನಸ್ಸು ತಾನಾಗಿ ಬರುತ್ತದೆ. ಫಿಫಾ ಈಗ ಒಂದು ಕ್ಲಬ್‌ಗೆ ಅಂತರರಾಷ್ಟ್ರೀಯ ಲೋನ್‌ಗೆ ಆರು ಜನರ ಮಿತಿ ಹಾಕಿದೆ. 21ರವರೆಗಿನ, ಕ್ಲಬ್ಬೇ ಬೆಳೆಸಿದ ಆಟಗಾರರು ಆ ಲೆಕ್ಕಕ್ಕೆ ಬರುವುದಿಲ್ಲ.

ದೇಶ ಕರೆದಾಗ

ಮೊದಲಿನ ಜಗಳದ ನಿಯಮಗಳು ಹೀಗಿವೆ. ಫಿಫಾ ನಿಗದಿಪಡಿಸಿದ ದಿನಗಳಲ್ಲಿ ದೇಶ ಕರೆದರೆ ಕ್ಲಬ್ ಆಟಗಾರನನ್ನು ಬಿಡಲೇಬೇಕು. ಗಾಯವಿದೆ ಎಂದರೆ, ತನ್ನ ವೈದ್ಯರಿಂದ ಪರೀಕ್ಷಿಸಲು ಆ ದೇಶದ ಫೆಡರೇಷನ್ ಕೇಳಬಹುದು. ದೇಶದ ಪರ ಆಡುವಾಗ ಗಾಯವಾಗಿ 28 ದಿನ ಮೀರಿ ಹೊರಗುಳಿದರೆ ಫಿಫಾದ ಕ್ಲಬ್ ರಕ್ಷಣಾ ಯೋಜನೆ ಸಂಬಳದ ಬಾಬ್ತು ದಿನಕ್ಕೆ 20,548 ಯೂರೊವರೆಗೆ, ಒಟ್ಟು 75 ಲಕ್ಷ ಯೂರೊವರೆಗೆ ಕೊಡುತ್ತದೆ. ಅಪಘಾತದಿಂದ ಆದ ಗಾಯದ ಅಳತೆಗೆ ಹೊಲಿದ ಅಂಗಿ ಇದು. ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಕೂಡುತ್ತಾ ಬಂದು, ಎರಡು ವಾರ ಬಿಟ್ಟರೆ ಇಳಿದು, ಆಡಿಸಿದರೆ ಮರಳುವ ಪ್ಯೂಬಿಸ್ ನೋವಿಗೆ ಇದು ಅಳತೆಗೇ ಬರುವುದಿಲ್ಲ. 28 ದಿನ ದಾಟದ ಇಂಥ ಗೈರುಗಳಿಗೆ ಯಾರೂ ಹಣ ಕೊಡಬೇಕಿಲ್ಲ.

ಕೆಲಸಕ್ಕೆ ಬರುವ ಪರಿಹಾರ ದೊಡ್ಡದೇನಲ್ಲ. ಕ್ಲಬ್‌ನ ಜಿಪಿಎಸ್ ಅಂಕಿ, ಒಳತೊಡೆ ಪರೀಕ್ಷೆಯ ಅಂಕಿ, ತೆಗೆದುಕೊಂಡ ಔಷಧಿಗಳ ಪಟ್ಟಿ ಆಟಗಾರನ ಜೊತೆಗೇ ರಾಷ್ಟ್ರೀಯ ಶಿಬಿರಕ್ಕೆ ಹೋಗಬೇಕು, ಮರಳುವಾಗ ಅಲ್ಲಿನ ಅಂಕಿಗಳು ಬರಬೇಕು. ಹಾಗೆಯೇ 21ರೊಳಗಿನವರಿಗೆ ಪಂದ್ಯಕ್ಕೆ ಮುಂಚೆಯೇ ನಿಮಿಷದ ಮಿತಿ ಬರೆದಿಡುವುದು, ಮೂರು ಗೋಲು ಮುಂದಿದ್ದರೆ ವಿರಾಮದಲ್ಲೇ ಹೊರತೆಗೆಯುವುದು. ಐದು ಬದಲಾವಣೆಗಳ ನಿಯಮ ಇರುವಾಗ ಇದಕ್ಕೆ ತಗಲುವ ಖರ್ಚು ಒಂದು ಬದಲಾವಣೆ ಮಾತ್ರ. ಗಾಯದ ಅಪಾಯ ಹೆಚ್ಚಿರುವ ಕೊನೆಯ ಅರ್ಧ ಗಂಟೆಯಿಂದ ಹುಡುಗ ಅಷ್ಟರಲ್ಲೇ ಪಾರಾಗುತ್ತಾನೆ. ಸಾಕಾ 2024ರ ಡಿಸೆಂಬರ್‌ನಲ್ಲಿ ಹ್ಯಾಮ್‌ಸ್ಟ್ರಿಂಗ್ ಹರಿದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು 101 ದಿನ ಹೊರಗಿದ್ದರು. ಏಪ್ರಿಲ್ 1ರಂದು ಫುಲಮ್ ವಿರುದ್ಧ ಆರ್ಸೆನಲ್ ಅವರನ್ನು ಮರಳಿಸಿದ್ದು ದ್ವಿತೀಯಾರ್ಧದಲ್ಲಿ ಬದಲಿಯಾಗಿ. ಕೆಲವೇ ನಿಮಿಷಗಳಲ್ಲಿ ಗೋಲು ಹೊಡೆದರು. ಹುಡುಗರಿಗೂ ಹೊರೆ ಹೀಗೇ ಅಳೆದು ಕೊಡಬಹುದು, ಗಾಯವಾಗುವವರೆಗೆ ಕಾಯದೆ.